ಭಾನುವಾರ ಬೆಳಗಿನ ಜಗಳ ಮತ್ತು ನಿಜವಾದ ಆರಾಧನೆ

ಪ್ರಶ್ನೆ: ನಾನು ಬೆಟಗೇರಿಯ ಕಡೆಯವಳು. ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಸಭೆಯಲ್ಲಿ ಬೆಳೆದೆ. ಮದುವೆಯಾಗಿ ಬೆಂಗಳೂರಿಗೆ ಬಂದು ಆರು ವರ್ಷವಾಯಿತು. ಗಂಡನ ಮನೆಯವರು ಹೋಗುವುದು ಒಂದು ಹೊಸ ಫೆಲೋಶಿಪ್‌ಗೆ. ಅಲ್ಲಿ ಡ್ರಮ್ಸ್, ಗಿಟಾರ್, ಮುಕ್ಕಾಲು ಗಂಟೆ ಹಾಡು. ಎಲ್ಲರೂ ಕೈ ಎತ್ತಿ ಅಳುತ್ತಾರೆ. ನನಗೆ ಏನೂ ಅನ್ನಿಸುವುದಿಲ್ಲ, ಸುಮ್ನೆ ನಿಂತಿರುತ್ತೇನೆ. "ನಿಮ್ಮದು ಪುಸ್ತಕ ನೋಡಿ ಓದುವ ಸತ್ತ ಆರಾಧನೆ, ಆತ್ಮದಲ್ಲಿ ಆರಾಧಿಸೋದು ಅಂದ್ರೆ ಇದು" ಅನ್ನುತ್ತಾರೆ ಮನೆಯವರು. ನನ್ನ ಅಮ್ಮ "ಅದು ಆರಾಧನೆಯಲ್ಲ, ಗದ್ದಲ" ಅನ್ನುತ್ತಾರೆ. ಪ್ರತಿ ಭಾನುವಾರ ಬೆಳಿಗ್ಗೆ ಇದೇ ಜಗಳ. ಒಂದು ತಿಂಗಳಿಂದ ನಾನೊಂದು ಕಡೆ, ನಮ್ಮವರೊಂದು ಕಡೆ ಹೋಗುತ್ತಿದ್ದೇವೆ. ನಿಜವಾದ ಕ್ರೈಸ್ತ ಆರಾಧನೆ ಅಂದರೆ ಏನು? ಯಾವುದು ಸರಿ?

ಉತ್ತರ: ಸಹೋದರಿ, ನಿಮ್ಮ ಪ್ರಶ್ನೆಯನ್ನು ಎರಡು ಸಾವಿರ ವರ್ಷದ ಹಿಂದೆಯೇ ಒಬ್ಬ ಹೆಂಗಸು ಯೇಸು ಸ್ವಾಮಿಯ ಮುಂದೆ ಇಟ್ಟಿದ್ದಾಳೆ. ಮಟಮಟ ಮಧ್ಯಾಹ್ನ ನೀರು ಸೇದಲು ಬಾವಿಗೆ ಬಂದಿದ್ದ ಸಮಾರ್ಯದವಳು. ಯೆಹೂದ್ಯರಾದ ಯೇಸುವಿನ ಜನಕ್ಕೂ ಅವಳ ಜನಕ್ಕೂ ಆಗಿಬರುತ್ತಿರಲಿಲ್ಲ. "ನಮ್ಮ ಹಿರಿಯರು ಈ ಬೆಟ್ಟದಲ್ಲಿ ಆರಾಧನೆ ಮಾಡಿದರು. ನೀವು ನೋಡಿದರೆ ಯೆರೂಸಲೇಮಿನಲ್ಲೇ ಮಾಡಬೇಕು ಅನ್ನುತ್ತೀರಿ" ಅಂದಳು. ಯೋಹಾನನ ಸುವಾರ್ತೆಯ 4ನೇ ಅಧ್ಯಾಯದಲ್ಲಿದೆ. ಆ ಮಾತಿನಲ್ಲಿ ಎರಡು ಪದ ಗಮನಿಸಿ: 'ನಮ್ಮ' ಮತ್ತು 'ನೀವು'. ನಿಮ್ಮ ಮನೆಯಲ್ಲಿ ಭಾನುವಾರ ಬೆಳಿಗ್ಗೆ ಓಡಾಡುವುದೂ ಇದೇ ಎರಡು ಪದಗಳು, ಅಲ್ವಾ?

ಅವಳು ಹೇಳಿದ ಬೆಟ್ಟ ಗೆರಿಜ್ಜೀಮ್. ಬಾವಿಯ ಹತ್ತಿರ ನಿಂತರೆ ಕಣ್ಣೆದುರಿಗೇ ಇರುತ್ತದೆ. ಅದರ ಮೇಲೆ ಸಮಾರ್ಯದವರಿಗೆ ಒಂದು ದೇವಾಲಯವಿತ್ತು. ಯೇಸು ಹುಟ್ಟುವುದಕ್ಕೆ ನೂರು ವರ್ಷಕ್ಕೂ ಮೊದಲು ಯೆಹೂದ್ಯರ ಮಹಾಯಾಜಕ ಯೋಹಾನ ಹಿರ್ಕಾನ ದಂಡು ತಂದು ಅದನ್ನು ಹಾಳುಮಾಡಿದ್ದ. ಹಾಗಾಗಿ ಅವಳ ಪ್ರಶ್ನೆ ಹೊತ್ತು ಕಳೆಯಲು ಕೇಳಿದ್ದಲ್ಲ. ಮನೆಮನೆಯಲ್ಲಿ ಉಳಿದಿದ್ದ ಹಳೇ ಗಾಯ ಅದು. ಯೇಸು ಸ್ವಾಮಿ ಕೊಟ್ಟ ಉತ್ತರ ಅವಳೂ ನಿರೀಕ್ಷಿಸಿರಲಿಕ್ಕಿಲ್ಲ. ಈ ಬೆಟ್ಟದಲ್ಲೂ ಅಲ್ಲ, ಯೆರೂಸಲೇಮಿನಲ್ಲೂ ಅಲ್ಲ ಎನ್ನುವ ಕಾಲ ಬರುತ್ತದೆ ಅಂದರು. ನಿಜವಾಗಿ ಆರಾಧಿಸುವವರು ತಂದೆಯನ್ನು ಆತ್ಮದಲ್ಲೂ ಸತ್ಯದಲ್ಲೂ ಆರಾಧಿಸುತ್ತಾರೆ, ಅಂಥವರನ್ನೇ ತಂದೆ ಹುಡುಕುತ್ತಾರೆ ಅಂದರು. ಮುಂದೆ ಕ್ರಿ.ಶ. 70ರಲ್ಲಿ ರೋಮನ್ನರು ಯೆರೂಸಲೇಮಿನ ದೇವಾಲಯವನ್ನೂ ಸುಟ್ಟುಹಾಕಿದರು. ಜಗಳಕ್ಕೆ ಕಾರಣವಾಗಿದ್ದ ಎರಡೂ ಕಟ್ಟಡಗಳು ಇಲ್ಲವಾದವು.

ಹಾಗಂತ 'ಎಲ್ಲಾ ಒಂದೇ, ಹೇಗೆ ಮಾಡಿದರೂ ನಡೆಯುತ್ತೆ' ಅಂತ ಯೇಸು ಹೇಳಲಿಲ್ಲ. ರಕ್ಷಣೆ ಬರುವುದು ಯೆಹೂದ್ಯರಿಂದ ಅಂತ ಅವಳಿಗೆ ನೇರವಾಗಿಯೇ ಹೇಳಿದರು. ಅವಳ ಮನಸ್ಸಿಗೆ ನೋವಾದೀತು ಅಂತ ಮಾತು ತೇಲಿಸಲಿಲ್ಲ. ನಾನೂ ನಿಮಗೆ ಮಾತು ತೇಲಿಸುವುದಿಲ್ಲ.

ನಿಮ್ಮ ಮನೆಯ ಜಗಳದಲ್ಲಿ ಎರಡೂ ಕಡೆಯವರು ಈ ವಾಕ್ಯವನ್ನೇ ಅರ್ಧರ್ಧ ಹಂಚಿಕೊಂಡಿದ್ದೀರಿ ಅಂತ ನನಗೆ ಅನ್ನಿಸುತ್ತದೆ. ಅತ್ತೆ ಮನೆಯವರು 'ಆತ್ಮ'ವನ್ನು ಹಿಡಿದುಕೊಂಡು ಅದಕ್ಕೆ ಭಾವನೆ ಎಂಬ ಅರ್ಥ ಕೊಟ್ಟಿದ್ದಾರೆ. ನಿಮ್ಮ ಅಮ್ಮ 'ಸತ್ಯ'ವನ್ನು ಹಿಡಿದುಕೊಂಡು ಅದಕ್ಕೆ ಕ್ರಮ ಎಂಬ ಅರ್ಥ ಕೊಟ್ಟಿದ್ದಾರೆ. ಯೋಹಾನನ ಸುವಾರ್ತೆಯನ್ನೇ ಮುಂದೆ ಹಿಂದೆ ಓದಿದರೆ ಎರಡೂ ಸಾಲುವುದಿಲ್ಲ. ಒಂದು ಅಧ್ಯಾಯ ಹಿಂದೆ ಹೋದರೆ, ಆತ್ಮ ಗಾಳಿಯ ಹಾಗೆ, ಇಷ್ಟಬಂದ ಕಡೆ ಬೀಸುತ್ತದೆ ಅನ್ನುವ ಮಾತಿದೆ. ಅದು ದೇವರ ಆತ್ಮ, ನಮ್ಮ ಮನಸ್ಸಿನ ಅಲೆಯಲ್ಲ. ಮೈಕ್ ವಾಲ್ಯೂಮ್ ಏರಿಸಿ ಅದನ್ನು ಬರಿಸಲಾಗದು. ಪುಸ್ತಕದ ಪುಟ ತಿರುಗಿಸಿ ಅದನ್ನು ಕಟ್ಟಿಹಾಕಲೂ ಆಗದು. ಮುಂದೆ 14ನೇ ಅಧ್ಯಾಯದಲ್ಲಿ "ನಾನೇ ಸತ್ಯ" ಅನ್ನುತ್ತಾರೆ ಯೇಸು. ಅಂದರೆ ಸತ್ಯ ಅನ್ನುವುದು ಒಬ್ಬ ವ್ಯಕ್ತಿ. ಕ್ರಿಸ್ತನ ಮೂಲಕ, ದೇವರ ಆತ್ಮದ ಬಲದಿಂದ, ತಂದೆಯ ಹತ್ತಿರ ಹೋಗುವುದು: ಕ್ರೈಸ್ತ ಆರಾಧನೆಯ ತಿರುಳು ಇಷ್ಟೇ. ಹುಡುಕುವವರು ತಂದೆ. ನಾವು ಬರುವುದು ಆಮೇಲೆ.

ಇನ್ನೊಂದು ಸಣ್ಣ ವಿಷಯ. ಆರಾಧನೆಯ ಮಾತು ಎತ್ತುವುದಕ್ಕೆ ಮೊದಲು ಆ ಹೆಂಗಸಿನ ಬದುಕಿನ ಗುಟ್ಟು ಹೊರಗೆ ಬಂದಿತ್ತು. ಐದು ಮದುವೆ, ಈಗಿರುವವನು ಗಂಡನಲ್ಲ. ಮುಚ್ಚಿಡಲು ಏನೂ ಉಳಿದಿರಲಿಲ್ಲ. ಸತ್ಯದಲ್ಲಿ ಆರಾಧಿಸುವುದರಲ್ಲಿ ಇದೂ ಸೇರಿದೆ: ಇರುವ ಹಾಗೇ ಬಂದು ನಿಲ್ಲುವುದು. ಅವಳು ಕೊಡವನ್ನು ಅಲ್ಲೇ ಬಿಟ್ಟು ಊರೊಳಗೆ ಓಡಿದಳು.

ಬೈಬಲ್‌ನ ಮೂಲ ಭಾಷೆಗಳಲ್ಲಿ ಆರಾಧನೆಗೆ ಇರುವ ಪದಗಳನ್ನು ನೋಡಿದರೆ ವಿಷಯ ಇನ್ನೂ ತಿಳಿಯಾಗುತ್ತದೆ. ಸಮಾರ್ಯದವಳ ಕತೆಯಲ್ಲಿ ಮತ್ತೆ ಮತ್ತೆ ಬರುವ ಗ್ರೀಕ್ ಪದ 'ಪ್ರೊಸ್ಕುನೇಓ'. ನಮ್ಮ ಕನ್ನಡದ 'ಅಡ್ಡಬೀಳು' ಅದಕ್ಕೆ ಸರಿಯಾಗಿ ಕೂರುತ್ತದೆ. ಮೂಡಣ ದೇಶದ ಜೋಯಿಸರು ಮಗುವಿನ ಮುಂದೆ ಮಾಡಿದ್ದು ಅದನ್ನೇ. ಹೀಬ್ರೂ ಭಾಷೆಯಲ್ಲಿ ಇನ್ನೊಂದು ಪದವಿದೆ, 'ಅವೋದಾ'. ಇದು ನನಗೆ ತುಂಬಾ ಪ್ರಿಯವಾದ ಪದ. ದೇವಾಲಯದ ಸೇವೆಗೂ ಅವೋದಾ, ಹೊಲದ ದುಡಿಮೆಗೂ ಅವೋದಾ. ಏದೆನ್ ತೋಟವನ್ನು ನೋಡಿಕೊಳ್ಳಲು ಆದಾಮನನ್ನು ಇಟ್ಟರು ಅನ್ನುವಲ್ಲಿ ಇರುವುದೂ ಇದೇ ಧಾತು. ವಿಮೋಚನಕಾಂಡ ಓದುವಾಗ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಐಗುಪ್ತದ ರಾಜ ಫರೋಹ ಇಸ್ರಾಯೇಲ್ಯರಿಂದ ಇಟ್ಟಿಗೆ ಹೊರಿಸಿದ ಬಿಟ್ಟಿ ದುಡಿಮೆಗೂ ಇದೇ ಪದ. "ನನ್ನ ಜನರನ್ನು ಕಳಿಸು, ಅವರು ನನ್ನನ್ನು ಸೇವಿಸಲಿ" ಅಂತ ದೇವರು ಮೋಶೆಯ ಬಾಯಿಂದ ಹೇಳಿಸುವಾಗಲೂ ಇದೇ ಪದ. ಯಾರಿಗೆ ದುಡಿಯುತ್ತೀರಿ ಅನ್ನುವುದೇ ಅಲ್ಲಿಯ ಪ್ರಶ್ನೆ. ಶರಣರ 'ಕಾಯಕ' ಪದ ಕಿವಿಯಲ್ಲಿಟ್ಟುಕೊಂಡು ಬೆಳೆದ ನಮಗೆ ಇದು ಅರ್ಥವಾಗುವುದು ಕಷ್ಟವಲ್ಲ, ಹಿಂದಿರುವ ನಂಬಿಕೆ ಬೇರೆಯಾದರೂ.

ಹೀಗೆ ಆರಾಧನೆಗೆ ಎರಡು ಮೈ. ಒಂದು ಅಡ್ಡಬೀಳುವುದು, ಇನ್ನೊಂದು ದುಡಿಯುವುದು. ಅಪೊಸ್ತಲ ಪೌಲ ರೋಮಾಪುರದವರಿಗೆ ಬರೆದ ಪತ್ರದ 12ನೇ ಅಧ್ಯಾಯದಲ್ಲಿ ಎರಡನ್ನೂ ಸೇರಿಸಿಬಿಡುತ್ತಾರೆ. ನಿಮ್ಮ ದೇಹಗಳನ್ನೇ ಜೀವಂತ ಬಲಿಯಾಗಿ ಕೊಡಿ, ಅದೇ ನಿಮ್ಮ ಆರಾಧನೆ ಅನ್ನುತ್ತಾರೆ. ದೇಹ ಅಂದರೆ ಸೋಮವಾರ ಬೆಳಿಗ್ಗೆ ಆಫೀಸಿಗೆ ಹೋಗುವ, ಮಗುವಿಗೆ ಡಬ್ಬಿ ಕಟ್ಟುವ, ಅತ್ತೆಯ ಬಿ.ಪಿ. ಮಾತ್ರೆ ತಂದುಕೊಡುವ ಇದೇ ದೇಹ. ಭಾನುವಾರದ ಒಂದೂವರೆ ಗಂಟೆಯಲ್ಲಿ ಮುಗಿಯುವ ಸಂಗತಿ ಅಲ್ಲ ಅದು.

ಈಗ ನಿಮ್ಮನ್ನು ಕೊರೆಯುತ್ತಿರುವ ವಿಷಯಕ್ಕೆ ಬರುತ್ತೇನೆ. "ನನಗೆ ಏನೂ ಅನ್ನಿಸುವುದಿಲ್ಲ" ಅಂತ ಬರೆದಿದ್ದೀರಿ. ಅದನ್ನು ಒಂದು ಕೊರತೆಯ ಹಾಗೆ ಬರೆದಿದ್ದೀರಿ. ಕೀರ್ತನೆಗಳ ಪುಸ್ತಕ ತೆಗೆದು ನೋಡಿ. 150 ಕೀರ್ತನೆಗಳಲ್ಲಿ ಸುಮಾರು ಮೂರರಲ್ಲೊಂದು ಪಾಲು ಗೋಳಾಟ. 13ನೇ ಕೀರ್ತನೆ "ಎಷ್ಟರವರೆಗೆ?" ಅಂತ ಶುರುವಾಗುತ್ತದೆ. 88ನೇ ಕೀರ್ತನೆಯಂತೂ ಕತ್ತಲೆ ಅನ್ನುವ ಮಾತಿನಲ್ಲೇ ಮುಗಿಯುತ್ತದೆ, ಕೊನೆಗೂ ಬೆಳಕು ಬರುವುದಿಲ್ಲ. ಇವನ್ನೆಲ್ಲ ಆರಾಧನೆಯಲ್ಲಿ ಹಾಡಲೆಂದೇ ಇಟ್ಟುಕೊಂಡರು. ಮನಸ್ಸು ಒಣಗಿದಾಗ ಬಾಗಿಲು ಮುಚ್ಚಿ ಅಂತ ದೇವರು ಯಾವತ್ತೂ ಹೇಳಲಿಲ್ಲ.

ನನ್ನ ತಾಯಿ ತೀರಿಕೊಂಡ ವಾರ ನನಗೂ ಹೀಗಾಗಿತ್ತು. ಮಂಗಳವಾರ ಮಣ್ಣು ಮಾಡಿ ಬಂದಿದ್ದೆವು. ಭಾನುವಾರ ನಾನು ಆರಾಧನೆ ನಡೆಸಬೇಕಾಗಿರಲಿಲ್ಲ, ಜನರ ನಡುವೆ ಬೆಂಚಿನ ಮೇಲೆ ಕೂತಿದ್ದೆ. ಪ್ರಾರ್ಥನೆ ಬಾಯಿಗೆ ಬರಲಿಲ್ಲ. ಹಾಡೂ ಬರಲಿಲ್ಲ. ಪಕ್ಕದಲ್ಲಿ ಕೂತಿದ್ದ ಒಬ್ಬ ಅಜ್ಜಿ, ಹಲ್ಲಿಲ್ಲದ ಬಾಯಿಯಲ್ಲಿ, ಸ್ವಲ್ಪ ಶ್ರುತಿ ತಪ್ಪಿಸಿಕೊಂಡು ಹಾಡುತ್ತಿದ್ದರು. ಕರ್ತನು ಕಲಿಸಿದ ಪ್ರಾರ್ಥನೆ ಬಂದಾಗ ಅವರು ನನ್ನ ಕಡೆ ನೋಡಿ ಪ್ರತಿ ಸಾಲನ್ನೂ ಸ್ವಲ್ಪ ಗಟ್ಟಿಯಾಗಿ ಹೇಳಿದರು, ಮಗುವಿಗೆ ಹೇಳಿಕೊಡುವ ಹಾಗೆ. "ಪರಲೋಕದಲ್ಲಿರುವ ನಮ್ಮ ತಂದೆಯೇ" ಅನ್ನುವಲ್ಲಿರುವ 'ನಮ್ಮ' ಅನ್ನುವ ಪದ ನನಗೆ ಅವತ್ತು ಅರ್ಥವಾಯಿತು. ನನ್ನ ಪಾಲಿನ ಪ್ರಾರ್ಥನೆಯನ್ನೂ ಅವರು ಹೊತ್ತುಕೊಂಡಿದ್ದರು. ನಾನು ಆವತ್ತು ಆರಾಧಿಸಲಿಲ್ಲ ಅಂತ ಯಾರಾದರೂ ಹೇಳಿದರೆ ಒಪ್ಪುವುದಿಲ್ಲ.

ಭಾವನೆ ಬಂದರೆ ಅದು ವರ. ಅಳು ಬಂದರೆ ಅಳಿ. ಆದರೆ ಹಾಡಿನಿಂದ ಬಂದ ಅಳುವನ್ನೂ ದೇವರಿಂದ ಬಂದ ಅಳುವನ್ನೂ ಒಂದೇ ಅಂದುಕೊಳ್ಳಬಾರದು. ಸಂತ ಅಗಸ್ಟಿನ್ 1,600 ವರ್ಷಗಳ ಹಿಂದೆಯೇ ಇದನ್ನು ತಮ್ಮ ಮೇಲೇ ಹೇಳಿಕೊಂಡಿದ್ದಾರೆ. ಹಾಡಿನ ಅರ್ಥಕ್ಕಿಂತ ರಾಗವೇ ತನ್ನನ್ನು ಜಾಸ್ತಿ ಅಲುಗಾಡಿಸಿದಾಗ ತಾನು ತಪ್ಪು ಮಾಡಿದೆ ಅನ್ನಿಸುತ್ತದೆ ಅಂತ ಬರೆದರು. ಹಾಗಂತ ಹಾಡು ಬೇಡ ಅನ್ನಲಿಲ್ಲ. ತಾನು ನಂಬಿಕೆಗೆ ಬಂದ ದಿನಗಳಲ್ಲಿ ಸಭೆಯ ಹಾಡು ಕೇಳಿ ಕಣ್ಣೀರು ಸುರಿಸಿದ್ದನ್ನೂ ಅಲ್ಲೇ ನೆನೆಯುತ್ತಾರೆ.

ನಿಮ್ಮ ಗಂಡನ ಮನೆಯವರ ಪರವಾಗಿಯೂ ಎರಡು ಮಾತು ಹೇಳಬೇಕು. ಕೈ ಎತ್ತುವುದು ಹೊಸ ಫ್ಯಾಷನ್ ಅಲ್ಲ. ಬೈಬಲ್‌ನಲ್ಲಿ ತಿಮೊಥೆಯನಿಗೆ ಬರೆದ ಮೊದಲನೇ ಪತ್ರದಲ್ಲೇ ಅದು ಇದೆ. ರೋಮ್‌ನ ನೆಲದಡಿಯ ಸಮಾಧಿಗಳ ಗೋಡೆಗಳಲ್ಲಿ ಹಳೆಯ ಕ್ರೈಸ್ತರು ಬಿಡಿಸಿದ ಚಿತ್ರಗಳಿವೆ. ಪ್ರಾರ್ಥಿಸುವವರು ಎರಡೂ ಕೈ ಮೇಲೆತ್ತಿ ನಿಂತಿದ್ದಾರೆ. ರಾಜ ದಾವೀದ ದೇವರ ಒಡಂಬಡಿಕೆಯ ಪೆಟ್ಟಿಗೆಯಾದ ಮಂಜೂಷದ ಮುಂದೆ ಕುಣಿದಾಗ ಅವನ ಹೆಂಡತಿ ಮೀಕಲಳು ಕಿಟಕಿಯಿಂದ ನೋಡಿ ಅಸಹ್ಯಪಟ್ಟಳು. ಆ ಕತೆಯಲ್ಲಿ ಬೈಬಲ್ ಅವಳ ಪಕ್ಷ ವಹಿಸುವುದಿಲ್ಲ. ನಿಮ್ಮ ಅಮ್ಮನಿಗೆ ಇದನ್ನು ನಿಧಾನವಾಗಿ ಹೇಳಿ. ಫಿಲಿಪ್ಪಿಯ ಸೆರೆಮನೆಯಲ್ಲಿ, ಬೆನ್ನ ಮೇಲೆ ಬಾಸುಂಡೆ ಎದ್ದಿರುವಾಗ, ಕಾಲು ಕೋಳದಲ್ಲಿರುವಾಗ, ಪೌಲ ಮತ್ತು ಸೀಲ ನಡುರಾತ್ರಿ ಗಟ್ಟಿಯಾಗಿ ಹಾಡಿದ್ದು ಕೂಡ ಪಕ್ಕದ ಕೈದಿಗಳಿಗೆ ಗದ್ದಲವಾಗಿಯೇ ಕೇಳಿರಬಹುದು.

ಆದರೆ 'ಪುಸ್ತಕದ ಸತ್ತ ಆರಾಧನೆ' ಅನ್ನುವ ಮಾತು ನನಗೆ ನೋವು ತರುತ್ತದೆ. ಶಿಲುಬೆಯ ಮೇಲೆ ಯೇಸು ಸ್ವಾಮಿ ಕೂಗಿದ್ದು ಏನು? "ನನ್ನ ದೇವರೇ, ನನ್ನ ದೇವರೇ, ಯಾಕೆ ನನ್ನ ಕೈ ಬಿಟ್ಟೆ?" ಅದು 22ನೇ ಕೀರ್ತನೆಯ ಮೊದಲ ಸಾಲು. "ನನ್ನ ಆತ್ಮವನ್ನು ನಿನ್ನ ಕೈಗೆ ಒಪ್ಪಿಸುತ್ತೇನೆ" ಅನ್ನುವುದು 31ನೇ ಕೀರ್ತನೆಯದು. ಪ್ರಾಣ ಹೋಗುವ ಹೊತ್ತಿನಲ್ಲಿ ನಮ್ಮ ಕರ್ತ ಪ್ರಾರ್ಥಿಸಿದ್ದು ಯಾರೋ ಹಿಂದೆ ಬರೆದಿಟ್ಟ, ಚಿಕ್ಕಂದಿನಲ್ಲಿ ಬಾಯಿಪಾಠವಾದ ಮಾತುಗಳನ್ನು. ಅದು ಸತ್ತ ಆರಾಧನೆಯೇ? ನಿಮ್ಮ ಮನೆಯವರ ಫೆಲೋಶಿಪ್‌ನಲ್ಲಿ ಸ್ಕ್ರೀನ್ ಮೇಲೆ ಓಡುವ ಹಾಡಿನ ಸಾಲುಗಳೂ ಯಾರೋ ಮೊದಲೇ ಬರೆದವೇ. ತುಟಿಯಿಂದ ಗೌರವಿಸಿ ಹೃದಯ ದೂರ ಇಟ್ಟುಕೊಳ್ಳುವವರ ಬಗ್ಗೆ ಪ್ರವಾದಿ ಯೆಶಾಯ ಹೇಳಿದ್ದನ್ನು ಯೇಸು ಮತ್ತೆ ಹೇಳಿದರು. ಆ ಎಚ್ಚರಿಕೆ ಪುಸ್ತಕ ಹಿಡಿದವರಿಗೂ ಇದೆ, ಮೈಕ್ ಹಿಡಿದವರಿಗೂ ಇದೆ.

ಹಾಗಾದರೆ ಮೊದಲ ಕ್ರೈಸ್ತರು ಹೇಗೆ ಆರಾಧಿಸುತ್ತಿದ್ದರು? ಇದಕ್ಕೆ ಎರಡು ಒಳ್ಳೆಯ ಸಾಕ್ಷಿಗಳಿವೆ. ಮೊದಲನೆಯದು ಒಬ್ಬ ವಿರೋಧಿಯದು. ಸುಮಾರು ಕ್ರಿ.ಶ. 112ರಲ್ಲಿ, ಈಗಿನ ಟರ್ಕಿಯ ಉತ್ತರ ಭಾಗದಲ್ಲಿದ್ದ ಬಿಥೂನಿಯದಲ್ಲಿ ಪ್ಲಿನಿ ಅನ್ನುವ ರೋಮನ್ ಅಧಿಕಾರಿಯಿದ್ದ. ಕ್ರೈಸ್ತರನ್ನು ಏನು ಮಾಡಬೇಕು ಅಂತ ತಿಳಿಯದೆ ಚಕ್ರವರ್ತಿ ಟ್ರಾಜನನಿಗೆ ಪತ್ರ ಬರೆದ. ವಿಚಾರಣೆಯಲ್ಲಿ ಅವನಿಗೆ ಗೊತ್ತಾದದ್ದು ಇಷ್ಟು: ಇವರು ಒಂದು ಗೊತ್ತಾದ ದಿನ ಬೆಳಕು ಹರಿಯುವ ಮೊದಲೇ ಸೇರುತ್ತಾರೆ. ಕ್ರಿಸ್ತನಿಗೆ ದೇವರೆಂಬಂತೆ ಒಂದು ಕಡೆಯವರಾದ ಮೇಲೆ ಇನ್ನೊಂದು ಕಡೆಯವರು ಸ್ತುತಿ ಹಾಡುತ್ತಾರೆ. ಆಮೇಲೆ ಆಣೆ ಮಾಡುತ್ತಾರೆ. ಅವನು ಯಾವುದೋ ಒಳಸಂಚಿನ ಆಣೆ ಅಂದುಕೊಂಡಿದ್ದನೋ ಏನೋ. ಆದರೆ ಅವರ ಆಣೆ ಕದಿಯುವುದಿಲ್ಲ, ದರೋಡೆ ಮಾಡುವುದಿಲ್ಲ, ಹಾದರ ಮಾಡುವುದಿಲ್ಲ, ಕೊಟ್ಟ ಮಾತಿಗೆ ತಪ್ಪುವುದಿಲ್ಲ, ನಂಬಿ ಇಟ್ಟ ಹಣ ಕೇಳಿದಾಗ ಇಲ್ಲವೆನ್ನುವುದಿಲ್ಲ ಅನ್ನುವುದಾಗಿತ್ತು. ಪೂರ್ತಿ ಸತ್ಯ ತಿಳಿಯಬೇಕು ಅಂತ ಅವನು ಇಬ್ಬರು ದಾಸಿಯರಿಗೆ ಚಿತ್ರಹಿಂಸೆ ಕೊಡಿಸಿದ. ಆ ಇಬ್ಬರೂ ಸಭೆಯ ಸೇವಕಿಯರಾಗಿದ್ದರು. ದಾಸಿಯರು ಸೇವಾಸ್ಥಾನದಲ್ಲಿದ್ದ ಸಭೆ ಅದು!

ಎರಡನೆಯ ಸಾಕ್ಷಿ ಜಸ್ಟಿನ್ ಅನ್ನುವ ಕ್ರೈಸ್ತ ಬರಹಗಾರರದು. ಅವರು ಹುಟ್ಟಿದ್ದು ಎಲ್ಲಿ ಗೊತ್ತೇ? ಈಗ ನಾಬ್ಲುಸ್ ಅನ್ನುವ ಊರಿನಲ್ಲಿ. ಸಮಾರ್ಯದವಳು ನೀರು ಸೇದಿದ ಯಾಕೋಬನ ಬಾವಿ ಇರುವುದು ಅಲ್ಲಿಯೇ. ಗೆರಿಜ್ಜೀಮ್ ಬೆಟ್ಟದ ಬುಡದಲ್ಲಿ ಹುಟ್ಟಿದ ಈ ಮನುಷ್ಯ ರೋಮ್‌ಗೆ ಹೋಗಿ, ಸುಮಾರು ಕ್ರಿ.ಶ. 155ರಲ್ಲಿ, ನಮ್ಮ ಭಾನುವಾರದ ಕೂಟ ಹೀಗಿರುತ್ತದೆ ಅಂತ ಚಕ್ರವರ್ತಿಗೇ ಬರೆದು ತಿಳಿಸಿದರು. ಊರಿನವರೂ ಹಳ್ಳಿಯವರೂ ಒಂದೇ ಕಡೆ ಸೇರುತ್ತಾರೆ. ಅಪೊಸ್ತಲರ ಬರಹಗಳನ್ನೋ ಪ್ರವಾದಿಗಳ ಬರಹಗಳನ್ನೋ ಸಮಯ ಇರುವಷ್ಟು ಓದುತ್ತಾರೆ. ಕೂಟ ನಡೆಸುವವರು ಬುದ್ಧಿಮಾತು ಹೇಳುತ್ತಾರೆ. ಎಲ್ಲರೂ ಎದ್ದು ನಿಂತು ಪ್ರಾರ್ಥಿಸುತ್ತಾರೆ. ರೊಟ್ಟಿ, ದ್ರಾಕ್ಷಾರಸ, ನೀರು ತರುತ್ತಾರೆ. ನಡೆಸುವವರು ತಮ್ಮ ಶಕ್ತಿ ಇರುವಷ್ಟು ಕೃತಜ್ಞತೆ ಸಲ್ಲಿಸುತ್ತಾರೆ. ಜನ ಆಮೆನ್ ಅನ್ನುತ್ತಾರೆ. ಬರಲಾಗದವರ ಮನೆಗೆ ಅವರ ಪಾಲನ್ನು ಸೇವಕರು ಒಯ್ದು ಕೊಡುತ್ತಾರೆ. ಉಳ್ಳವರು ತಮಗೆ ಮನಸ್ಸು ಬಂದಷ್ಟು ಕಾಣಿಕೆ ಹಾಕುತ್ತಾರೆ. ಆ ಕಾಣಿಕೆ ಅನಾಥರಿಗೆ, ವಿಧವೆಯರಿಗೆ, ಕಾಯಿಲೆಯವರಿಗೆ, ಸೆರೆಯಲ್ಲಿರುವವರಿಗೆ, ಪರಊರಿನಿಂದ ಬಂದು ಉಳಿದವರಿಗೆ ಹೋಗುತ್ತದೆ. ಸುಮಾರು ಹತ್ತು ವರ್ಷದ ಮೇಲೆ ಜಸ್ಟಿನ್ ಅವರ ತಲೆ ಕಡಿದರು.

ಇದನ್ನು ಓದುವಾಗ ನನಗೆ ಯಾವಾಗಲೂ ಒಂದು ವಿಷಯ ಹೊಳೆಯುತ್ತದೆ. ಓದುವುದಕ್ಕೆ ಬರಹ ಇದೆ, ಅಂದರೆ ಪುಸ್ತಕ ಇದೆ. ಶಕ್ತಿ ಇರುವಷ್ಟು ಪ್ರಾರ್ಥಿಸುತ್ತಾರೆ, ಅಂದರೆ ಬಾಯಿಗೆ ಬಂದದ್ದನ್ನು ಹೇಳುವ ಸ್ವಾತಂತ್ರ್ಯವೂ ಇದೆ. ನಿಮ್ಮ ಅಮ್ಮನೂ ಅಲ್ಲಿ ಕೂರಬಹುದಿತ್ತು, ನಿಮ್ಮ ಯಜಮಾನರೂ ಅಲ್ಲಿ ಕೂರಬಹುದಿತ್ತು. ಆದರೆ ಒಂದು ವಿಷಯದಲ್ಲಿ ನಮ್ಮ ಎರಡೂ ಬಗೆಯ ಸಭೆಗಳಿಗೆ ಅವರು ದೂರದವರಾಗಿಬಿಟ್ಟಿದ್ದಾರೆ. ಅವರ ಕಾಣಿಕೆ ಹೋಗುತ್ತಿದ್ದದ್ದು ಹಸಿದವರ ಮನೆಗೆ. ನಮ್ಮ ಕಾಣಿಕೆಯ ದೊಡ್ಡ ಪಾಲು ಈಗ ಎಲ್ಲಿಗೆ ಹೋಗುತ್ತದೆ? ಒಂದು ಕಡೆ ಗೋಪುರ, ಕಾಂಪೌಂಡು, ಕೋರ್ಟ್ ಕೇಸು. ಇನ್ನೊಂದು ಕಡೆ ಸೌಂಡ್ ಸಿಸ್ಟಮ್, ಎಲ್.ಇ.ಡಿ. ಗೋಡೆ, ಹಾಲ್ ಬಾಡಿಗೆ.

ಬೈಬಲ್‌ನಲ್ಲಿ ದೇವರು ಆರಾಧನೆಯನ್ನು ತಳ್ಳಿಹಾಕಿದ ಜಾಗಗಳನ್ನು ಹುಡುಕಿಕೊಂಡು ಓದಿ ನೋಡಿ. ರಾಗ ಸರಿಯಿಲ್ಲ ಅಂತ ಎಲ್ಲೂ ತಳ್ಳಲಿಲ್ಲ. ಪ್ರವಾದಿ ಆಮೋಸ ತೆಕೋವ ಅನ್ನುವ ಊರಿನ ಕುರುಬ, ಅತ್ತಿಹಣ್ಣು ನೋಡಿಕೊಳ್ಳುತ್ತಿದ್ದವನು. ಬೇತೇಲಿನಲ್ಲಿ ದೊಡ್ಡ ಆರಾಧನೆ ನಡೆಯುತ್ತಿದ್ದ ಕಾಲದಲ್ಲಿ ಅಲ್ಲಿಗೆ ಹೋಗಿ ದೇವರ ಮಾತು ಹೇಳಿದ: ನಿಮ್ಮ ಹಬ್ಬಗಳು ನನಗೆ ಬೇಡ, ನಿಮ್ಮ ಹಾಡಿನ ಗದ್ದಲ ನನ್ನಿಂದ ದೂರ ಮಾಡಿ, ನ್ಯಾಯ ಹೊಳೆಯ ಹಾಗೆ ಹರಿಯಲಿ. ನೋಡಿ, 'ಗದ್ದಲ' ಅನ್ನುವ ಪದ ದೇವರೇ ಬಳಸಿದ್ದಾರೆ. ಆದರೆ ಅದು ಡ್ರಮ್ಸ್‌ಗೆ ಅಲ್ಲ. ಒಂದು ಜೊತೆ ಕೆರದ ಬೆಲೆಗೆ ಬಡವನನ್ನು ಮಾರಿ ಬಂದವರ ಬಾಯಲ್ಲಿ ಎಷ್ಟೇ ಇಂಪಾದ ಕೀರ್ತನೆ ಬಂದರೂ ಅದು ಗದ್ದಲ.

ಕೊರಿಂಥದ ಸಭೆಯಲ್ಲೂ ಹೀಗೇ ಆಯಿತು. ಅಲ್ಲಿ ಹಾಡು, ಪ್ರವಾದನೆ, ಅನ್ಯಭಾಷೆ (ಆತ್ಮದ ಪ್ರೇರಣೆಯಿಂದ ತಿಳಿಯದ ಭಾಷೆಯಲ್ಲಿ ಮಾತಾಡುವುದು) ಎಲ್ಲ ಧಾರಾಳವಾಗಿತ್ತು. ಆದರೆ ಕರ್ತನ ಭೋಜನಕ್ಕೆ, ಅಂದರೆ ಯೇಸುವನ್ನು ನೆನೆದು ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಊಟಕ್ಕೆ, ಉಳ್ಳವರು ಬೇಗ ಬಂದು ಉಂಡುಬಿಡುತ್ತಿದ್ದರು. ದುಡಿದು ತಡವಾಗಿ ಬಂದವರಿಗೆ ಏನೂ ಉಳಿಯುತ್ತಿರಲಿಲ್ಲ. ಒಬ್ಬ ಹಸಿದಿದ್ದಾನೆ, ಇನ್ನೊಬ್ಬ ಕುಡಿದು ಮತ್ತನಾಗಿದ್ದಾನೆ, ಇದು ಕರ್ತನ ಭೋಜನವೇ ಅಲ್ಲ ಅಂತ ಪೌಲ ಬರೆದುಬಿಟ್ಟರು. ಅವರು ಹೇಳುವ ಪ್ರಾರ್ಥನೆ ಸರಿಯಿತ್ತು, ರೊಟ್ಟಿ ಇತ್ತು, ಬಟ್ಟಲು ಇತ್ತು. ಆದರೂ 'ಅಲ್ಲ' ಅಂದರು. ನಮ್ಮ ದೇಶದಲ್ಲೂ ಈ ಪತ್ರವನ್ನು ಮತ್ತೆ ಓದಬೇಕಾಗಿ ಬಂತು. ದಕ್ಷಿಣದ ಎಷ್ಟೋ ಸಭೆಗಳಲ್ಲಿ ಜಾತಿ ನೋಡಿ ಬೇರೆ ಬೇರೆ ಕೂರಿಸುತ್ತಿದ್ದರು, ಕರ್ತನ ಭೋಜನಕ್ಕೂ ಬೇರೆಬೇರೆಯಾಗಿ ಬರುತ್ತಿದ್ದರು. 1833ರಲ್ಲಿ ಕಲ್ಕತ್ತದ ಬಿಷಪ್ ಡೇನಿಯಲ್ ವಿಲ್ಸನ್ ಈ ಭೇದವನ್ನು ಈಗಲೇ, ಪೂರ್ತಿಯಾಗಿ ಬಿಡಬೇಕು ಅಂತ ಪತ್ರ ಹೊರಡಿಸಿದರು. ಕೆಲವು ಕಡೆ ಜನ ಸಭೆಯನ್ನೇ ಬಿಟ್ಟರು, ಜಾತಿ ಬಿಡಲಿಲ್ಲ. ಇವತ್ತಿಗೂ ಮದುವೆ ಮಾತು ಬಂದಾಗ, ಸಮಾಧಿಯ ಜಾಗದ ಮಾತು ಬಂದಾಗ ಅದು ತಲೆ ಎತ್ತುತ್ತದೆ. ನಾನು ಒಂದು ಸಭೆಗೆ ಪ್ರಸಂಗಕ್ಕೆ ಹೋದಾಗ ಮುಂದಿನ ಸಾಲಿನಲ್ಲಿ ದೊಡ್ಡ ಕಾಣಿಕೆ ಕೊಡುವವರಿಗೆ ಸೋಫಾ ಹಾಕಿದ್ದರು, ಹಿಂದೆ ಪ್ಲಾಸ್ಟಿಕ್ ಕುರ್ಚಿ, ಅದರ ಹಿಂದೆ ಚಾಪೆ. ಅವತ್ತು ನಾನು ತಯಾರಿ ಮಾಡಿಕೊಂಡು ಹೋಗಿದ್ದ ವಾಕ್ಯ ಬಿಟ್ಟು ಯಾಕೋಬನ ಪತ್ರದ 2ನೇ ಅಧ್ಯಾಯ ಓದಿದೆ. ಚಿನ್ನದ ಉಂಗುರದವನಿಗೆ ಒಳ್ಳೇ ಜಾಗ ಕೊಟ್ಟು, ಬಡವನಿಗೆ 'ಕಾಲ ಹತ್ತಿರ ಕೂತ್ಕೋ' ಅನ್ನುವವರ ಕತೆ ಅದು. ಆಮೇಲೆ ಅವರು ನನ್ನನ್ನು ಕರೆಯಲಿಲ್ಲ.

ಇದೆಲ್ಲ ನಿಮ್ಮ ಮನೆಗೆ ಹೇಗೆ ಸೇರುತ್ತದೆ ಅಂದರೆ, ಮತ್ತಾಯನ ಸುವಾರ್ತೆಯ 5ನೇ ಅಧ್ಯಾಯದಲ್ಲಿ ಯೇಸು ಸ್ವಾಮಿ ಹೇಳಿದ ಒಂದು ಮಾತಿದೆ. ಕಾಣಿಕೆ ತಂದು ಯಜ್ಞವೇದಿಯ ಹತ್ತಿರ ನಿಂತಾಗ ನಿನ್ನ ಸಹೋದರನಿಗೆ ನಿನ್ನ ಮೇಲೆ ಏನೋ ಇದೆ ಅಂತ ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಹೋಗು. ಮೊದಲು ಒಂದಾಗು, ಆಮೇಲೆ ಬಂದು ಅರ್ಪಿಸು. ಕೇಳುತ್ತಿದ್ದವರು ಗಲಿಲಾಯದ ಜನ. ಅವರಿಗೆ ಯಜ್ಞವೇದಿ ಇದ್ದದ್ದು ಯೆರೂಸಲೇಮಿನಲ್ಲಿ, ಮೂರು ನಾಲ್ಕು ದಿನದ ನಡಿಗೆ. ಅಷ್ಟು ದೂರ ಬಂದವನು ವಾಪಸ್ಸು ಊರಿಗೆ ಹೋಗಿ ಮಾತಾಡಿ ಮತ್ತೆ ಬರಬೇಕು! ಆರಾಧನೆಯನ್ನು ನಡುವೆ ನಿಲ್ಲಿಸಿ ಅಂತ ಯೇಸು ಹೇಳಿದ್ದಾರೆ ಅನ್ನುವುದನ್ನು ನಾವು ಮರೆತೇಬಿಟ್ಟಿದ್ದೇವೆ.

ನೀವು ಸಿ.ಎಸ್.ಐ.ನಲ್ಲಿ ಬೆಳೆದವರು, ಸಮಾಧಾನ ಹಂಚುವುದು ನಿಮಗೆ ಗೊತ್ತು. 1947ರಲ್ಲಿ ದಕ್ಷಿಣ ಭಾರತ ಸಭೆ ಒಂದಾದ ಮೇಲೆ 1950ರಲ್ಲಿ ಕರ್ತನ ಭೋಜನದ ಹೊಸ ಕ್ರಮ ಬಂತು. ಅದರಲ್ಲಿ ಕೇರಳದ ಸಿರಿಯನ್ ಸಭೆಗಳಿಂದ ಕಲಿತು ಈ ರೂಢಿಯನ್ನು ಸೇರಿಸಿದರು. ಒಬ್ಬರ ಅಂಗೈಯನ್ನು ಇನ್ನೊಬ್ಬರು ಎರಡೂ ಕೈಗಳ ನಡುವೆ ಹಿಡಿದು ಸಮಾಧಾನ ಹೇಳಿ, ಅದನ್ನು ಪಕ್ಕದವರಿಗೆ ದಾಟಿಸುವುದು. ಬೇರೆ ಬೇರೆ ಕ್ರಮದಿಂದ ಬಂದ ಆಂಗ್ಲಿಕನ್ನರು, ಮೆಥೊಡಿಸ್ಟರು, ಪ್ರೆಸ್ಬಿಟೇರಿಯನ್ನರು, ಕಾಂಗ್ರಿಗೇಷನಲ್‌ನವರು ಒಂದೇ ಮೇಜಿಗೆ ಬರಬೇಕಾಗಿತ್ತಲ್ಲ, ಅವರಿಗೆ ಇದು ತೋರಿಕೆಯ ಮಾತಾಗಿರಲಿಲ್ಲ. ಈಗ ಎಷ್ಟೋ ಕಡೆ ಅಕ್ಕಪಕ್ಕ ನೋಡಿ ಕೈ ಮುಗಿದು ಮುಗಿಸಿಬಿಡುತ್ತೇವೆ.

ನಾನು ಒಂದು ಹಳ್ಳಿಯ ಸಭೆಯಲ್ಲಿ ಇದ್ದಾಗ ನಡೆದದ್ದು ಹೇಳುತ್ತೇನೆ. ಅಲ್ಲಿ ಅಣ್ಣತಮ್ಮಂದಿರಿಬ್ಬರು ಹನ್ನೊಂದು ವರ್ಷದಿಂದ ಮಾತು ಬಿಟ್ಟಿದ್ದರು. ಎರಡು ಎಕರೆ ಜಮೀನಿನ ವಿಷಯ. ಅಣ್ಣ ಬಲಗಡೆಯ ಬೆಂಚು, ತಮ್ಮ ಎಡಗಡೆಯ ಬೆಂಚು, ಇಬ್ಬರೂ ಒಂದು ಭಾನುವಾರವೂ ತಪ್ಪಿಸುತ್ತಿರಲಿಲ್ಲ. ಒಂದು ದಿನ ಸಮಾಧಾನ ಹಂಚುವ ಹೊತ್ತಿಗೆ ತಮ್ಮ ಎದ್ದು ಹೊರಗೆ ಹೋದ. ಯಾರೋ ಹುಷಾರಿಲ್ಲ ಅಂದುಕೊಂಡರು. ಸ್ವಲ್ಪ ಹೊತ್ತಾದ ಮೇಲೆ ಬಾಗಿಲ ಹತ್ತಿರ ನಿಂತು, ಒಳಗೆ ಬರದೆ, "ಅಣ್ಣಾ, ಒಂದ್ ನಿಮಿಷ ಬಾ" ಅಂದ. ಅಷ್ಟೇ. ಅಣ್ಣ ಎದ್ದು ಹೋದರು. ನಾನು ರೊಟ್ಟಿಯ ತಟ್ಟೆಯನ್ನು ಕೈಗೆ ತೆಗೆದುಕೊಂಡಿದ್ದವನು ಮತ್ತೆ ಮೇಜಿನ ಮೇಲಿಟ್ಟೆ. ಯಾರೂ ಮಾತಾಡಲಿಲ್ಲ. ಹೊರಗೆ ಬೋರ್‌ವೆಲ್ ಪಂಪಿನ ಹತ್ತಿರ ಇಬ್ಬರೂ ನಿಂತಿದ್ದು ಕಿಟಕಿಯಿಂದ ಕಾಣುತ್ತಿತ್ತು. ಅಣ್ಣ ಕೈ ಬೀಸಿ ಏನೋ ಜೋರಾಗಿ ಹೇಳುತ್ತಿದ್ದರು. ತಮ್ಮ ನೆಲ ನೋಡುತ್ತಿದ್ದ. ಇಪ್ಪತ್ತು ನಿಮಿಷವಾಗಿರಬಹುದು. ಮಕ್ಕಳು ಅಳತೊಡಗಿದವು, ಒಬ್ಬ ಹಿರಿಯರು ಗಡಿಯಾರ ನೋಡಿದರು. ಕೊನೆಗೆ ಇಬ್ಬರೂ ಒಟ್ಟಿಗೆ ಒಳಗೆ ಬಂದು ತಮ್ಮನ ಬೆಂಚಿನಲ್ಲೇ ಕೂತರು. ಜಮೀನಿನ ಕೇಸು ಆಮೇಲೂ ಎರಡು ವರ್ಷ ಎಳೆಯಿತು. ಆದರೆ ತಾರೀಖಿನ ದಿನ ಇಬ್ಬರೂ ಒಂದೇ ಬಸ್ಸಿನಲ್ಲಿ ಕೋರ್ಟಿಗೆ ಹೋಗುತ್ತಿದ್ದರು, ಬುತ್ತಿ ಹಂಚಿಕೊಂಡು ತಿನ್ನುತ್ತಿದ್ದರು. ನಾನು ಇಷ್ಟು ವರ್ಷದಲ್ಲಿ ನಡೆಸಿದ ಆರಾಧನೆಗಳಲ್ಲಿ ಯಾವುದು ನಿಜವಾದದ್ದು ಅಂತ ಕೇಳಿದರೆ ನನಗೆ ಮೊದಲು ನೆನಪಾಗುವುದು ಆ ಇಪ್ಪತ್ತು ನಿಮಿಷ. ಹಾಡು ಇರಲಿಲ್ಲ, ಪ್ರಸಂಗ ಇರಲಿಲ್ಲ.

ಹಾಗಾದರೆ ಯಾವುದು ಸರಿ, ಯಾವ ಸಭೆಗೆ ಹೋಗಲಿ ಅಂತ ಕೇಳಿದ್ದೀರಿ. ನಾನು ಹೆಸರು ಹೇಳುವುದಿಲ್ಲ, ಏನು ನೋಡಬೇಕು ಅಂತ ಹೇಳುತ್ತೇನೆ. ಅಲ್ಲಿ ಕ್ರಿಸ್ತನ ವಾಕ್ಯವನ್ನು ತೆರೆದು ಓದುತ್ತಾರಾ, ಅಥವಾ ಒಂದು ವಚನ ಹಿಡಿದು ಆಶೀರ್ವಾದದ ಭರವಸೆ ಮಾತ್ರ ಹಂಚುತ್ತಾರಾ? ಪಾಪ ಒಪ್ಪಿಕೊಳ್ಳಲು ಜಾಗ ಇದೆಯಾ? ಕರ್ತನ ಭೋಜನ ಇದೆಯಾ, ಅದಕ್ಕೆ ಎಲ್ಲರೂ ಒಟ್ಟಿಗೆ ಬರುತ್ತಾರಾ? ದುಃಖದಲ್ಲಿರುವವರು ಅಲ್ಲಿ ದುಃಖದಲ್ಲೇ ಕೂರಬಹುದಾ, ಅಥವಾ ನಗಲೇಬೇಕಾ? ಮನೆಕೆಲಸ ಮಾಡುವ ಹೆಂಗಸು ಬಂದರೆ ಎಲ್ಲಿ ಕೂರುತ್ತಾಳೆ? ಕಾಣಿಕೆಯ ಲೆಕ್ಕ ಜನರಿಗೆ ತೋರಿಸುತ್ತಾರಾ? ಇದೆಲ್ಲ ಇದ್ದರೆ ಡ್ರಮ್ಸ್ ಇರಲಿ, ಆರ್ಗನ್ ಇರಲಿ, ಬರಿ ತಾಳ ಇರಲಿ. ಇದು ಇಲ್ಲದಿದ್ದರೆ ನಿಮ್ಮ ಅಮ್ಮನ ಸಭೆಯನ್ನೂ ನಾನು ಹೊಗಳುವುದಿಲ್ಲ. ಒಂದು ಭಾನುವಾರ ಅಲ್ಲಿ, ಒಂದು ಭಾನುವಾರ ಇಲ್ಲಿ ಅಂತ ಸ್ವಲ್ಪ ಕಾಲ ಇಬ್ಬರೂ ಒಟ್ಟಿಗೆ ಹೋಗಿ ನೋಡುವುದರಲ್ಲಿ ತಪ್ಪೇನಿಲ್ಲ. ಅಲ್ಲಿ ನಿಂತಾಗ ಅಳು ಬರದಿದ್ದರೆ ಬಲವಂತ ಬೇಡ. ಕೈ ಎತ್ತಲು ಮನಸ್ಸಿಲ್ಲದಿದ್ದರೆ ಇಳಿಸಿಕೊಂಡೇ ನಿಲ್ಲಿ. ಹಾಡಿನ ಮಾತು ನಿಜ ಅನ್ನಿಸಿದ ಕಡೆ ಆಮೆನ್ ಅನ್ನಿ, ಅದು ಸಾಕು.

ಆದರೆ ಅದಕ್ಕೂ ಮೊದಲು ಒಂದು ಕೆಲಸ ಇದೆ. ಈ ಶನಿವಾರ ರಾತ್ರಿ ಮಗು ಮಲಗಿದ ಮೇಲೆ ಟಿ.ವಿ. ಆರಿಸಿ. ನಿಮ್ಮ ಯಜಮಾನರಿಗೆ ಅಲ್ಲಿಯ ಹಾಡುಗಳಲ್ಲಿ ಯಾವುದು ತುಂಬಾ ಇಷ್ಟ ಅಂತ ಕೇಳಿ. ಹಾಡಲು ಹೇಳಿ. ಅದು ಯಾವಾಗ, ಬದುಕಿನ ಯಾವ ಕಷ್ಟದಲ್ಲಿ ಅವರಿಗೆ ಸಿಕ್ಕಿತು ಅಂತ ಕೇಳಿ, ನಡುವೆ ಮಾತಾಡಬೇಡಿ. ಆಮೇಲೆ ನಿಮ್ಮ ಆರಾಧನಾ ಕ್ರಮದ ಪುಸ್ತಕ ತೆಗೆದು ಪಾಪನಿವೇದನೆಯ ಪ್ರಾರ್ಥನೆಯನ್ನು ನಿಧಾನವಾಗಿ ಓದಿ. ಅದನ್ನು ಬೆಟಗೇರಿಯಲ್ಲಿ ಯಾರ ಪಕ್ಕ ಕೂತು ಕಲಿತಿರಿ ಅಂತ ಅವರಿಗೆ ಹೇಳಿ. ಈ ಒಂದು ತಿಂಗಳಲ್ಲಿ ಒಬ್ಬರಿಗೊಬ್ಬರು ಅಂದ ಮಾತುಗಳಿಗೆ ಕ್ಷಮೆ ಕೇಳಬೇಕಾಗಿದ್ದರೆ, ನೀವೇ ಮೊದಲು ಕೇಳಿ. ಭಾನುವಾರ ಎಲ್ಲಿಗೆ ಹೋಗುವುದು ಅನ್ನುವ ಮಾತು ಆಮೇಲೆ ಬರಲಿ.